ನಮ್ಮ ಅಂಗಳ, ಎಲ್ಲರ ಬೀದಿ



ಬೂಕನಕೆರೆ ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಹೋಬಳಿ. ಇಲ್ಲಿ ಬೆಳಗಾದರೆ ನಾವು ಅಂಗಳ ಗುಡಿಸುತ್ತೇವೆ. ಸೆಗಣಿ ನೀರು ಚೆಲ್ಲಿ ರಂಗೋಲಿ ಬಿಡುತ್ತೇವೆ. ಕೊಟ್ಟಿಗೆ ಬಾಚಿ ತಿಪ್ಪೆಗೆ ಹಾಕುತ್ತೇವೆ. ದಿನವೂ ಇಷ್ಟು ಮಾಡುವ ನಮಗೆ ಒಂದು ಪ್ರಶ್ನೆ. ನಮ್ಮ ಅಂಗಳ ಎಲ್ಲಿಗೆ ಮುಗಿಯುತ್ತದೆ? ಬೀದಿ ಎಲ್ಲಿಂದ ಶುರುವಾಗುತ್ತದೆ?

ಉತ್ತರ ಕಾಗದದಲ್ಲಿದೆ. ಈಗ ನಮಗೆ ಓದು ಬಂದಿದೆ. ಓದಿ ತಿಳಿಯೋಣ.

1. ಮನೆಯ ಪತ್ರ

ಊರೊಳಗಿನ ಮನೆಗೆ ಗ್ರಾಮ ಪಂಚಾಯಿತಿ ಒಂದು ಪತ್ರ ಕೊಡುತ್ತದೆ. ಅದರ ಹೆಸರು ನಮೂನೆ 9. 2013ರಿಂದ ಇದನ್ನು ಕಂಪ್ಯೂಟರಿನಲ್ಲಿ ಕೊಡುತ್ತಿದ್ದಾರೆ. ಇದಕ್ಕೆ ಇ-ಸ್ವತ್ತು ಅಂತಾರೆ.

ಪತ್ರದಲ್ಲಿ ಮೂರು ಸಂಗತಿ ಹುಡುಕಿ. ಒಂದು, ಮಾಲೀಕರ ಹೆಸರು. ಅಲ್ಲಿ ಯಾರ ಹೆಸರಿದೆ? ಎರಡು, ಅಳತೆ. ಮೂರು, ಚಕ್ಕುಬಂದಿ. ಚಕ್ಕುಬಂದಿ ಎಂದರೆ ನಾಲ್ಕು ದಿಕ್ಕಿನ ಗಡಿ. ಪೂರ್ವಕ್ಕೆ ಏನಿದೆ, ಪಶ್ಚಿಮಕ್ಕೆ ಏನಿದೆ ಎಂದು ಬರೆದಿರುತ್ತದೆ. ಆ ಗಡಿಯ ಒಳಗಿನದು ನಮ್ಮದು. ಆಚೆಯದು ನೆರೆಯವರದು, ಇಲ್ಲವೇ ಎಲ್ಲರದು.

2. ಅತ್ತೆ ಸೊಸೆ ಮಾತುಕತೆ

ಒಂದು ಮನೆಯಲ್ಲಿ ಸೊಸೆ ಪತ್ರ ಓದಿದಳು ಅಂತ ಇಟ್ಟುಕೊಳ್ಳೋಣ. ಆಗ ಮಾತು ಹೀಗೆ ನಡೆಯಬಹುದು.

ಸೊಸೆ: ಅತ್ತೆ, ಪತ್ರ ಓದ್ದೆ. ಪೂರ್ವಕ್ಕೆ ಬೀದಿ ಅಂತ ಬರೆದವ್ರೆ. ಗೋಡೆಯಿಂದ ಆಚೆಗೆ ಆರೇ ಅಡಿ ನಮ್ದು.

ಅತ್ತೆ: ಅಂಗಾದ್ರೆ ತಿಪ್ಪೆ?

ಸೊಸೆ: ತಿಪ್ಪೆ ಬೀದೀಲಿ ಅದೆ.

ಅತ್ತೆ: ನಾನು ಈ ಮನೆಗೆ ಬಂದಾಗಿಂದ ತಿಪ್ಪೆ ಅಲ್ಲೇ ಅದೆ ಕಣವ್ವ. ಯಾರೂ ಏನೂ ಅಂದಿಲ್ಲ.

ಸೊಸೆ: ಆಗ ಎತ್ತಿನ ಗಾಡಿ ಒಂದೇ ಓಡಾಡ್ತಿತ್ತು. ಈಗ ಹೆರಿಗೆಗೆ ಆಂಬುಲೆನ್ಸ್ ಬಂದ್ರೆ ತಿಪ್ಪೆ ತಾವೇ ನಿಂತ್ಕೋಬೇಕು.

ಅತ್ತೆ: ಗದ್ದೆಗೆ ಗೊಬ್ಬರ ಬ್ಯಾಡ್ವಾ?

ಸೊಸೆ: ಬೇಕು. ಹಿತ್ಲಲ್ಲಿ ಗುಂಡಿ ತೆಗ್ಸೋಣ. ಜಾಗ ಸಾಲ್ದಿದ್ರೆ ಹೊಲದ ಬದೀಲಿ ಹಾಕೋಣ.

ಅತ್ತೆ: ಎದುರುಮನೆ ತಿಪ್ಪೆ? ನಮ್ಮದೊಂದೇ ಯಾಕೆ ಎತ್ತಬೇಕು?

ಸೊಸೆ: ಅವರ ಪತ್ರಾನೂ ಓದೋಣ ಬನ್ನಿ, ಅತ್ತೆ.

3. ಕಾಯ್ದೆ ಏನು ಹೇಳುತ್ತದೆ?

ನಮ್ಮ ರಾಜ್ಯದಲ್ಲಿ ಪಂಚಾಯತ್ ರಾಜ್ ಕಾಯ್ದೆ 1993ರಲ್ಲಿ ಬಂತು. ಬೀದಿಯನ್ನು ಯಾರೂ ಒತ್ತುವರಿ ಮಾಡುವ ಹಾಗಿಲ್ಲ. ತಿಪ್ಪೆ, ಸೌದೆ, ಹುಲ್ಲಿನ ಮೆದೆ, ಕಲ್ಲು, ಮರಳು ಹಾಕಿ ದಾರಿಗೆ ಅಡ್ಡ ಮಾಡುವಂತಿಲ್ಲ. ಒತ್ತುವರಿ ತೆಗೆಸುವ ಅಧಿಕಾರ ಪಂಚಾಯಿತಿಗೆ ಇದೆ.

ಆದರೆ ಕಾಯ್ದೆ ನಮಗೆ ಮಾತ್ರ ಹೇಳುವುದಿಲ್ಲ. ಪಂಚಾಯಿತಿಗೂ ಹೇಳುತ್ತದೆ. ಚರಂಡಿ ಮಾಡಿಸುವುದು ಪಂಚಾಯಿತಿ ಕೆಲಸ. ಕೊಳಚೆ ನಿಲ್ಲುವ ಗುಂಡಿ ಮುಚ್ಚಿಸುವುದೂ ಅದರದೇ ಕೆಲಸ. ಕಸ ಮತ್ತು ಗೊಬ್ಬರ ಹಾಕಲು ಮನೆಗಳಿಂದ ದೂರ ಜಾಗ ಗೊತ್ತು ಮಾಡುವುದೂ ಅದರ ಕೆಲಸ. "ತಿಪ್ಪೆ ಎತ್ತಿ" ಎಂದರೆ "ಎಲ್ಲಿ ಹಾಕೋಣ, ಜಾಗ ತೋರಿಸಿ" ಎಂದು ನಾವು ಕೇಳಬಹುದು.

ಇಲ್ಲೊಂದು ಮಾತಿದೆ. ತಿಪ್ಪೆ ದೂರ ಹೋದರೆ ಸೆಗಣಿ ಬುಟ್ಟಿ ಹೊರುವವರು ಯಾರು? ನಾವೇ. ಹೊರುವವರನ್ನು ಕೇಳದೆ ಜಾಗ ಗೊತ್ತು ಮಾಡಿದರೆ ನಡೆಯಲಾರದಷ್ಟು ದೂರ ಆಗಬಹುದು. ಅದಕ್ಕೇ ಜಾಗ ತೀರ್ಮಾನಿಸುವ ಸಭೆಯಲ್ಲಿ ನಾವು ಇರಬೇಕು.

4. ಬಚ್ಚಲ ನೀರು

ಬಚ್ಚಲ ನೀರು ಬೀದಿಗೆ ಹರಿದರೆ ಕೆಸರು. ಕೆಸರಾದರೆ ನೆರೆಮನೆಯವರ ಜೊತೆ ಜಗಳ. ಚರಂಡಿ ಇದ್ದರೆ ಅದಕ್ಕೆ ಬಿಡೋಣ. ಇಲ್ಲದಿದ್ದರೆ ಹಿತ್ತಲಲ್ಲಿ ಬಚ್ಚಲುಗುಂಡಿ ಮಾಡೋಣ. ಗುಂಡಿ ತೋಡಿ ಕಲ್ಲು ತುಂಬಿಸಿದರೆ ನೀರು ಅಲ್ಲೇ ಇಂಗುತ್ತದೆ. ಕುಡಿಯುವ ನೀರಿನ ಬಾವಿ, ಬೋರ್‌ವೆಲ್‌ನಿಂದ ಗುಂಡಿ 30 ಅಡಿಗಿಂತ ಹೆಚ್ಚು ದೂರ ಇರಲಿ. ಬಾಳೆ, ಕೆಸುವು, ಕರಿಬೇವಿನ ಗಿಡಕ್ಕೆ ಬಿಟ್ಟರೂ ಆಯಿತು. ಆದರೆ ನೀರು ನಿಂತು ಮಡುವಾಗಬಾರದು. ಗುಂಡಿ ತೋಡಿಸಲು ಈಗ ಯಾವ ನೆರವು ಸಿಗುತ್ತದೆ ಅಂತ ಪಂಚಾಯಿತಿಯಲ್ಲಿ ವಿಚಾರಿಸೋಣ.

5. ನಿಂತ ನೀರು, ಡೆಂಗಿ ಜ್ವರ

ಡೆಂಗಿ ಜ್ವರ ಹರಡುವ ಸೊಳ್ಳೆಯ ಹೆಸರು ಈಡಿಸ್. ಇದು ಕಚ್ಚುವುದು ಹಗಲಿನಲ್ಲಿ. ಇದು ಮೊಟ್ಟೆ ಇಡಲು ಕೊಳಚೆಯೇ ಬೇಕಿಲ್ಲ, ತಿಳಿ ನೀರು ಸಾಕು. ನಮ್ಮ ಹಿತ್ತಲಲ್ಲಿ ಬಿದ್ದ ತೆಂಗಿನ ಚಿಪ್ಪು, ಒಡೆದ ಮಡಕೆ, ಹಳೆಯ ಟೈರು, ಹಳೇ ಒರಳುಕಲ್ಲು ಇವೆಲ್ಲ ಅದಕ್ಕೆ ತೊಟ್ಟಿಲು.

ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಸುಮಾರು 7ರಿಂದ 10 ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ತೊಟ್ಟಿ, ಡ್ರಮ್ಮು ಬರಿದು ಮಾಡೋಣ. ಬರೀ ನೀರು ಚೆಲ್ಲಿದರೆ ಸಾಲದು. ಮೊಟ್ಟೆ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಉಳಿಯುತ್ತದೆ. ತೆಂಗಿನ ನಾರು ಹಾಕಿ ತಿಕ್ಕಬೇಕು. ತುಂಬಿದ ಮೇಲೆ ಬಟ್ಟೆ ಕಟ್ಟಿ ಮುಚ್ಚಬೇಕು. ಚಿಪ್ಪುಗಳನ್ನು ಬೋರಲು ಹಾಕಬೇಕು.

2024ರಲ್ಲಿ ರಾಜ್ಯದಲ್ಲಿ ಡೆಂಗಿ ಬಹಳ ಹರಡಿತು. ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು. ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡ ಗೊತ್ತು ಮಾಡಿತು. ಹಳ್ಳಿಯ ಮನೆಗೆ 200 ರೂಪಾಯಿ. ಪಟ್ಟಣದ ಮನೆಗೆ 400 ರೂಪಾಯಿ. ಹಳ್ಳಿಯಲ್ಲಿ ಖಾಲಿ ಬಿಟ್ಟ ನಿವೇಶನಕ್ಕೆ 1000 ರೂಪಾಯಿ. ಊರು ಬಿಟ್ಟು ಹೋದವರ ಪಾಳು ಜಾಗಕ್ಕೂ ಮಾಲೀಕರೇ ಹೊಣೆ.

ದಂಡಕ್ಕಿಂತ ಜ್ವರ ದೊಡ್ಡದು. ಮಗುವಿಗೆ ಒಮ್ಮೆಲೇ ಜ್ವರ ಏರಿ, ತಲೆನೋವು, ಕಣ್ಣಿನ ಹಿಂದೆ ನೋವು, ಕೀಲುನೋವು ಬಂದರೆ ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ತೋರಿಸೋಣ. ಆಶಾ ಕಾರ್ಯಕರ್ತೆ ತೊಟ್ಟಿ ನೋಡಲು ಬಂದರೆ ಒಳಗೆ ಕರೆಯೋಣ.

6. ಹಿತ್ತಲ ಮರ

ತೆಂಗಿನ ಮರ ಕಡಿಯಲು ಅರಣ್ಯ ಇಲಾಖೆಯ ಅಪ್ಪಣೆ ಬೇಕಿಲ್ಲ. ಗಂಧದ ಮರಕ್ಕೆ ಬೇಕೇ ಬೇಕು. 2001ರಿಂದ ನಮ್ಮ ಜಾಗದ ಗಂಧದ ಮರ ನಮ್ಮದೇ. ಆದರೂ ಇಲಾಖೆಗೆ ತಿಳಿಸದೆ ಕಡಿದರೆ ಅಪರಾಧ. ಬೇರೆ ಮರಗಳಿಗೆ ಕೊಡಲಿ ಹಾಕುವ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿ.

7. ಸಭೆಗೆ ಹೋಗೋಣ

ಗ್ರಾಮಸಭೆಯನ್ನು ಆರು ತಿಂಗಳಿಗೊಮ್ಮೆಯಾದರೂ ಕರೆಯಬೇಕು ಎಂದು ಕಾಯ್ದೆ ಇದೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಅಲ್ಲಿ ಮಾತಾಡಬಹುದು. 1993ರ ಕಾಯ್ದೆ ಪಂಚಾಯಿತಿಯಲ್ಲಿ ಹೆಂಗಸರಿಗೆ ಮೂರರಲ್ಲಿ ಒಂದು ಪಾಲು ಸ್ಥಾನ ಕೊಟ್ಟಿತು. 2010ರಲ್ಲಿ ಅದು ಅರ್ಧ ಪಾಲಾಯಿತು. ಅಲ್ಲಿ ಕೂರುವವರಲ್ಲಿ ಅರ್ಧ ಜನ ನಮ್ಮಂಥವರೇ. ಅಂಜಿಕೆ ಯಾಕೆ?

ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ. ಬರೆದು ಕೊಡೋಣ.

ಅರ್ಜಿ ಹೀಗೆ ಬರೆಯಿರಿ:

ಗೆ,
ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
ಗ್ರಾಮ ಪಂಚಾಯಿತಿ, ಬೂಕನಕೆರೆ.

ಮಾನ್ಯರೇ,

ನಮ್ಮ ಬೀದಿಯ ಚರಂಡಿಯಲ್ಲಿ ಹೂಳು ತುಂಬಿದೆ. ನೀರು ಹರಿಯದೆ ನಿಂತಿದೆ. ಹೂಳು ತೆಗೆಸಬೇಕು. ತಿಪ್ಪೆ ಹಾಕಲು ಊರಿನ ಹತ್ತಿರ ಜಾಗ ಗೊತ್ತು ಮಾಡಬೇಕು. ಈ ವಿಷಯವನ್ನು ಗ್ರಾಮಸಭೆಯಲ್ಲಿ ಇಡಬೇಕು ಎಂದು ಕೋರುತ್ತೇವೆ.

ಇಂತಿ,
(ಬೀದಿಯ ಎಲ್ಲರ ಸಹಿ)

ಎರಡು ಪ್ರತಿ ಬರೆಯಿರಿ. ಒಂದನ್ನು ಕೊಡಿ. ಇನ್ನೊಂದರ ಮೇಲೆ ತಾರೀಖು, ಮೊಹರು ಹಾಕಿಸಿಕೊಳ್ಳಿ. ನಿಮಗೆ ನೋಟೀಸು ಬಂದರೆ ಓದದೆ ಸಹಿ ಹಾಕಬೇಡಿ. ದಂಡ ಕಟ್ಟಿದರೆ ರಸೀದಿ ಕೇಳಿ ಪಡೆಯಿರಿ.

ನೆನಪಿಡಿ

ಗಡಿಯ ಒಳಗೆ ನಮ್ಮ ಹೊಣೆ. ಗಡಿಯ ಆಚೆ ಎಲ್ಲರ ಹಕ್ಕು. ಎರಡನ್ನೂ ಓದಿ ತಿಳಿದವರನ್ನು ಯಾರೂ ಸುಮ್ಮನೆ ಗದರಿಸಲಾಗದು.

ಅಭ್ಯಾಸ

ಅ) ಬಿಟ್ಟ ಜಾಗ ತುಂಬಿರಿ.
1. ನಾಲ್ಕು ದಿಕ್ಕಿನ ಗಡಿಗೆ ______ ಎನ್ನುತ್ತಾರೆ.
2. ಡೆಂಗಿ ಸೊಳ್ಳೆ ಕಚ್ಚುವುದು ______ ಹೊತ್ತಿನಲ್ಲಿ.
3. ತೊಟ್ಟಿಯನ್ನು ______ಕ್ಕೊಮ್ಮೆ ತಿಕ್ಕಿ ತೊಳೆಯಬೇಕು.

ಆ) ಮನೆಯ ಪತ್ರ ತೆಗೆದು ನೋಡಿ. ನಿಮ್ಮ ಚಕ್ಕುಬಂದಿ ಬರೆಯಿರಿ.
ಪೂರ್ವ ______ ಪಶ್ಚಿಮ ______
ಉತ್ತರ ______ ದಕ್ಷಿಣ ______

ಇ) ಎಲ್ಲರೂ ಕೂಡಿ ಚರ್ಚೆ ಮಾಡಿ.
ನಿಮ್ಮ ಊರಲ್ಲಿ ತಿಪ್ಪೆಗೆ ಯಾವ ಜಾಗ ಸರಿ? ಬುಟ್ಟಿ ಹೊತ್ತು ನಡೆಯಲು ಎಷ್ಟು ದೂರ ಆಗಬಹುದು?