ಕಡಲ ತೀರ, ಹಬ್ಬದ ಖರೀದಿ: ಗುಂಡ್ಲುಪೇಟೆಯಿಂದ ಹೊರಡುವವರು ಮಾಡಬೇಕಾದ್ದು, ಮಾಡಬಾರದ್ದು

ದಸರಾ ರಜೆ ಸಿಕ್ಕಿತೆಂದರೆ ಗುಂಡ್ಲುಪೇಟೆಯ ಮನೆಗಳಲ್ಲಿ ಕಡಲಿನ ಮಾತು ಏಳುತ್ತದೆ. ಓಣಂ ಕಳೆದು ಚೆಂಡು ಹೂವಿನ ದುಡ್ಡು ಕೈಸೇರಿರುತ್ತದೆ, ಮಕ್ಕಳಿಗೆ ಶಾಲೆ ಇರುವುದಿಲ್ಲ. ಕೆಲವರು ಬಂಡೀಪುರದ ಕಾಡು ದಾಟಿ, ಸುಲ್ತಾನ್ ಬತ್ತೇರಿ, ಕಲ್ಪೆಟ್ಟ ಹಾದು, ತಾಮರಶ್ಶೇರಿ ಘಾಟಿ ಇಳಿದು ಕಲ್ಲಿಕೋಟೆ ಸೇರುತ್ತಾರೆ. ನಮಗೆ ಹತ್ತಿರದ ಸಮುದ್ರ ಅದೇ, ಸುಮಾರು 150 ಕಿ.ಮೀ. ಇನ್ನು ಕೆಲವರು ಮೈಸೂರು, ಮಡಿಕೇರಿ, ಸಂಪಾಜೆಯ ಮೇಲೆ ಮಂಗಳೂರು, ಮಲ್ಪೆ, ಮುರುಡೇಶ್ವರಕ್ಕೆ ಹೊರಡುತ್ತಾರೆ. ಅದೇ ಹೊತ್ತಿಗೆ ದೀಪಾವಳಿಗೆ ಹೊಸ ಅಳಿಯನಿಗೆ ಏನು ಕೊಡೋಣ, ಮಗಳಿಗೆ ಯಾವ ಸೀರೆ ತರೋಣ ಎಂಬ ಚರ್ಚೆಯೂ ನಡೆದು, ಕಾರಿನ ಹಿಂದಿನ ಸೀಟಿನಲ್ಲೇ ಮೊಬೈಲಿನಿಂದ ಆರ್ಡರ್ ಹೋಗುತ್ತದೆ. ಪ್ರವಾಸವೂ ಖರೀದಿಯೂ ಒಂದೇ ವಾರದಲ್ಲಿ, ಒಂದೇ ಫೋನಿನ ಸುತ್ತ ನಡೆಯುವುದರಿಂದ ಎರಡಕ್ಕೂ ಸೇರಿಸಿ ಈ ಸೂಚನೆ.

ಮೊದಲ ನಿಯಮ, ಉಳಿದ ಎಲ್ಲಕ್ಕಿಂತ ಮೇಲಿನದು: ಮಕ್ಕಳು ನೀರಿನಲ್ಲಿರುವಾಗ ಅವರನ್ನು ನೋಡಿಕೊಳ್ಳುವವರ ಕೈಯಲ್ಲಿ ಫೋನ್ ಇರಕೂಡದು. ಮುಳುಗುವ ಮಗು ಕೂಗುವುದಿಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದ ಮೇಲೆ ಉಸಿರೆಳೆದುಕೊಳ್ಳುವುದೇ ಅದಕ್ಕೆ ಕಷ್ಟ, ಕೂಗುವುದೆಲ್ಲಿ ಬಂತು? ಪಾರ್ಸಲ್‌ನವನ ಕರೆ ಬಂತೆಂದು ಬೆನ್ನು ತಿರುಗಿಸಿ ಒಟಿಪಿ ಹುಡುಕುವಷ್ಟು ಹೊತ್ತು ಸಾಕು, ಅನಾಹುತವಾಗಲು. ಹಣ ಕಳೆಯುವುದೂ ಹೀಗೆ ಮನಸ್ಸು ಎರಡು ಕಡೆ ಹರಿದಾಗಲೇ. ಆದ್ದರಿಂದ ಪ್ರವಾಸದ ದಿನಗಳಿಗೆ ಡೆಲಿವರಿ ಬೀಳದಂತೆ ಆರ್ಡರ್ ಮಾಡಿ. ತೀರದಲ್ಲಿದ್ದಾಗ ಯಾವ ಹಣದ ವ್ಯವಹಾರವನ್ನೂ ಮಾಡಬೇಡಿ. ಕರೆ ಬಂದರೆ "ನಾಳೆ ಮಾತಾಡ್ತೀನಿ" ಎಂದು ಇಡಿ.

ಕಾಡಿನ ಗೇಟು

ಬಂಡೀಪುರದ ಮೂಲಕ ಹೋಗುವ ಎರಡೂ ಹೆದ್ದಾರಿ, ಬತ್ತೇರಿ ಕಡೆಯ 766 ಮತ್ತು ಊಟಿ ಕಡೆಯ 181, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತವೆ. 2009ರಿಂದ ಇರುವ ನಿಯಮ. ಆಂಬುಲೆನ್ಸ್‌ನಂಥ ತುರ್ತು ವಾಹನ, ಅನುಮತಿ ಇರುವ ಕೆಲವೇ ಬಸ್ಸುಗಳನ್ನು ಬಿಟ್ಟರೆ ಯಾರಿಗೂ ವಿನಾಯಿತಿ ಇಲ್ಲ. ನಮ್ಮೂರಿನವರಿಗೆ ಇದು ಗೊತ್ತಿಲ್ಲದ್ದಲ್ಲ. ಆದರೂ ಪ್ರತಿ ರಜೆಯಲ್ಲೂ ಒಂದೇ ತಪ್ಪು: ಕಲ್ಲಿಕೋಟೆಯಲ್ಲಿ ಸೂರ್ಯ ಮುಳುಗುವುದನ್ನು ನೋಡಿಯೇ ಹೊರಡುವುದು. ಅಕ್ಟೋಬರ್‌ನಲ್ಲಿ ಅಲ್ಲಿ ಸೂರ್ಯಾಸ್ತವಾಗುವುದೇ ಸುಮಾರು 6 ಗಂಟೆಗೆ. ಅಲ್ಲಿಂದ ನಗರದ ದಟ್ಟಣೆ, ಘಾಟಿಯ 9 ಹೇರ್‌ಪಿನ್ ತಿರುವು, ಹಬ್ಬದ ದಿನಗಳಲ್ಲಿ ಲಕ್ಕಿಡಿಯವರೆಗೂ ನಿಲ್ಲುವ ವಾಹನಗಳ ಸಾಲು, ಆಮೇಲೆ ವಯನಾಡಿನ ಊರುಗಳು. 9ರೊಳಗೆ ಮುತ್ತಂಗದ ಗೇಟು ಮುಟ್ಟುವುದು ಅದೃಷ್ಟದ ಮಾತು. ಮುಟ್ಟಲೇಬೇಕೆಂದು ಓಡಿಸಿದವರು ಜಿಂಕೆಗೋ ಎದುರಿನ ಬೈಕಿಗೋ ಗುದ್ದುತ್ತಾರೆ.

ಅದೇ ದಿನ ವಾಪಸಾಗುವವರು ಮಧ್ಯಾಹ್ನ 3ಕ್ಕೆ ಕಲ್ಲಿಕೋಟೆ ಬಿಡಿ. ಸೂರ್ಯಾಸ್ತ ನೋಡಲೇಬೇಕೆಂದರೆ ರಾತ್ರಿ ಅಲ್ಲೇ ಉಳಿಯಿರಿ. ಗೇಟು ತಪ್ಪಿದರೆ ಬತ್ತೇರಿಯಲ್ಲಿ ಕೋಣೆ ಹಿಡಿಯಿರಿ. ಬಾವಲಿ ರಸ್ತೆಯಿಂದ ಹೋಗಬಹುದೆಂದು ಯಾರೋ ಹೇಳಿದರೆ ನಂಬಬೇಡಿ, ಅದು ಸಂಜೆ 6ಕ್ಕೇ ಮುಚ್ಚುತ್ತದೆ. ಕುಟ್ಟ, ಗೋಣಿಕೊಪ್ಪ, ಹುಣಸೂರಿನ ದಾರಿ ತೆರೆದಿರುತ್ತದಾದರೂ ಬಲು ಸುತ್ತು. ಹಗಲೆಲ್ಲ ಕಾರು ಓಡಿಸಿ ದಣಿದ ಚಾಲಕನನ್ನು ರಾತ್ರಿ ಆ ಸುತ್ತಿಗೆ ಹಚ್ಚಬೇಡಿ.

ಹಗಲಿನಲ್ಲೂ ಕಾಡಿನೊಳಗೆ ವಾಹನ ನಿಲ್ಲಿಸಬೇಡಿ, ಇಳಿಯಬೇಡಿ, ಕೋತಿಗೆ ಬಾಳೆಹಣ್ಣು ಎಸೆಯಬೇಡಿ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಆನೆಯ ಫೋಟೊ ತೆಗೆಯಲು ಇಳಿದವನೊಬ್ಬನನ್ನು ಆನೆ ಅಟ್ಟಾಡಿಸಿ ಬೀಳಿಸಿತು. ಜೀವ ಉಳಿಯಿತು, ಅರಣ್ಯ ಇಲಾಖೆ 25,000 ರೂಪಾಯಿ ದಂಡವನ್ನೂ ಹಾಕಿತು.

ನೀರು

ಕೆರೆ, ಬಾವಿಯಲ್ಲಿ ಈಜು ಕಲಿತವರು ಸಮುದ್ರದಲ್ಲಿ ತಮ್ಮನ್ನು ಈಜುಗಾರರೆಂದು ಲೆಕ್ಕ ಹಾಕಬೇಡಿ. ಕೆರೆಯ ನೀರು ನಿಂತಿರುತ್ತದೆ, ಕಡಲಿನದು ಹೊರಗೆ ಸೆಳೆಯುತ್ತದೆ. ಈ ಸೆಳೆತ ಇರುವ ಜಾಗ ನೋಡಿದವರಿಗೆ ಮೋಸ ಮಾಡುತ್ತದೆ, ಹೇಗೆಂದು ತಿಳಿದುಕೊಳ್ಳಿ. ದಂಡೆಗೆ ಬಂದ ಅಲೆಗಳ ನೀರು ಹಿಂದಿರುಗಲು ಒಂದು ಕಿರಿದಾದ ದಾರಿ ಮಾಡಿಕೊಂಡಿರುತ್ತದೆ. ಎರಡೂ ಪಕ್ಕ ಬಿಳಿ ನೊರೆಯೆದ್ದು ಅಲೆ ಒಡೆಯುತ್ತಿದ್ದರೆ, ನಡುವಿನ ಆ ಪಟ್ಟಿಯಲ್ಲಿ ಮಾತ್ರ ನೀರು ಸಮತಟ್ಟಾಗಿ, ತುಸು ಕಪ್ಪಾಗಿ ಕಾಣುತ್ತದೆ. ನೊರೆಯೋ ಕಸವೋ ದಂಡೆಗೆ ಬರುವ ಬದಲು ಆಚೆಗೆ ಸಾಗುತ್ತಿರುತ್ತದೆ. "ಇಲ್ಲಿ ಅಲೆ ಕಮ್ಮಿ, ಮಕ್ಕಳನ್ನು ಇಲ್ಲೇ ಆಡಿಸೋಣ" ಎಂದು ಬಯಲುಸೀಮೆಯ ನಾವು ಆರಿಸಿಕೊಳ್ಳುವುದು ಅದೇ ಜಾಗವನ್ನು. ನೀರಿಗಿಳಿಯುವ ಮುಂಚೆ ಹತ್ತು ನಿಮಿಷ ದಂಡೆಯ ಮೇಲೆ ನಿಂತು ನೋಡಿ. ಜೀವರಕ್ಷಕರನ್ನೋ ಮೀನುಗಾರರನ್ನೋ ಕೇಳಿ. ಅವರು ಬೇಡವೆಂದ ಮೇಲೆ ವಾದ ಬೇಡ.

ಸೆಳೆತಕ್ಕೆ ಸಿಕ್ಕರೆ ದಂಡೆಯ ಕಡೆಗೆ ನೇರವಾಗಿ ಈಜಬೇಡಿ, ಸುಸ್ತಾಗಿ ಮುಳುಗುವಿರಿ. ತೇಲಿಕೊಂಡಿದ್ದು, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಸೆಳೆತದ ಪಟ್ಟಿ ಕಿರಿದು. ಅದರಿಂದ ಹೊರಬಿದ್ದ ಮೇಲೆ ಅಲೆಗಳೊಂದಿಗೆ ದಂಡೆಗೆ ಬನ್ನಿ. ಈಜಲು ಬಾರದವರು ಕೈಯೆತ್ತಿ, ಅಂಗಾತ ತೇಲಲು ನೋಡಿ. ದಂಡೆಯಲ್ಲಿರುವವರು ಹಾರಬೇಡಿ. ಖಾಲಿ ನೀರಿನ ಕ್ಯಾನ್, ಹಗ್ಗ, ಪಂಚೆ, ಏನು ಸಿಕ್ಕಿದರೂ ಎಸೆಯಿರಿ, ಜೀವರಕ್ಷಕರನ್ನು ಕೂಗಿ, 112ಕ್ಕೆ ಕರೆ ಮಾಡಿ. ಅಣ್ಣನನ್ನು ಉಳಿಸಲು ತಮ್ಮ, ತಮ್ಮನನ್ನು ಉಳಿಸಲು ಭಾವ ಹೀಗೆ ಒಬ್ಬರ ಹಿಂದೊಬ್ಬರು ಹಾರಿ ಮನೆಯೇ ಬರಿದಾದ ಸುದ್ದಿ ಕರಾವಳಿಯಿಂದ ಮತ್ತೆ ಮತ್ತೆ ಬರುತ್ತದೆ.

ಕೈ ಕೈ ಹಿಡಿದು ಸಾಲಾಗಿ ನಿಂತರೆ ಭದ್ರವೆಂಬ ನಂಬಿಕೆಯನ್ನು ಬಿಡಿ. ಒಬ್ಬರ ಕಾಲಡಿಯ ಮರಳು ಜಾರಿದರೆ ಸಾಲೇ ಬೀಳುತ್ತದೆ. ಸೀರೆ, ದುಪ್ಪಟ್ಟ, ಜೀನ್ಸ್ ತೊಟ್ಟು ಮೊಣಕಾಲು ದಾಟಿದ ನೀರಿಗೆ ಹೋಗಬೇಡಿ, ನೆನೆದ ಬಟ್ಟೆ ಕೆಳಕ್ಕೆ ಎಳೆಯುತ್ತದೆ. ಕುಡಿದವರನ್ನು ನೀರಿಗೆ ಬಿಡಲೇಬೇಡಿ, ಅವರು ಯಾರೇ ಆಗಿರಲಿ.

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಮುಳಬಾಗಿಲು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ನಾಲ್ವರು ಹುಡುಗಿಯರು ನೀರುಪಾಲಾದರು. ಅವರೂ ನಮ್ಮ ಮಕ್ಕಳ ಹಾಗೆ ಸಮುದ್ರದಿಂದ ದೂರದ ಊರಿನವರು. ಶಾಲಾ ಪ್ರವಾಸ ಕರೆದೊಯ್ಯುವ ಮೇಷ್ಟ್ರುಗಳಿಗೆ ನನ್ನ ಬೇಡಿಕೆ ಕಟ್ಟುನಿಟ್ಟಾದದ್ದು: ಜೀವರಕ್ಷಕರಿಲ್ಲದ ಕಡೆ ಬಸ್ಸಿನಿಂದ ಇಳಿಸಲೇಬೇಡಿ. ಇರುವ ಕಡೆಯೂ ಮಕ್ಕಳು ಪಾದ ನೆನೆಸಿಕೊಂಡರೆ ಸಾಕು. ಅಳುತ್ತಾ ಬಸ್ ಹತ್ತಿದರೂ ಹತ್ತಲಿ.

ಎಲ್ಲಿಗೆ ಹೋಗಬೇಕೆಂದು ಕೇಳುವವರಿಗೆ: ಕಲ್ಲಿಕೋಟೆ ಕಡೆ ಕಾಪ್ಪಾಡ್, ನಮ್ಮ ಕರಾವಳಿಯಲ್ಲಿ ಪಡುಬಿದ್ರಿ, ಹೊನ್ನಾವರದ ಕಾಸರಕೋಡು. ಮೂರಕ್ಕೂ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ. ಆ ಮಾನ್ಯತೆಗೆ ಜೀವರಕ್ಷಕರು, ಶೌಚಾಲಯ ಇರಲೇಬೇಕು, ಸಂಸಾರ ಸಮೇತ ಹೋಗಲು ಅನುಕೂಲ. ಕೆಂಪು ಬಾವುಟ ಹಾರುತ್ತಿದ್ದರೆ ಅಲ್ಲೂ ನೀರಿಗಿಳಿಯುವಂತಿಲ್ಲ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವವರು ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬೇಡಿ. ಅಲ್ಲಿನ ಕಂಬಗಳಂಥ ಕಲ್ಲುಗಳ ಅಂಚಿಗೆ ಸೆಲ್ಫಿಗಾಗಿ ಹೋಗಬೇಡಿ, ಪಾಚಿಗೆ ಕಾಲು ನಿಲ್ಲುವುದಿಲ್ಲ.

ಕೋಣೆ ಹಿಡಿಯುವುದು

ವಸತಿಗೃಹ, ಹೋಂಸ್ಟೇ, ದೇವಸ್ಥಾನದ ಕೋಣೆಗಳ ಹೆಸರಿನಲ್ಲಿ ನಕಲಿ ತಾಣ ಮಾಡಿ ಮುಂಗಡ ಹಣ ನುಂಗುವವರ ಬಗ್ಗೆ ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಕೇಂದ್ರವೇ 2025ರ ಏಪ್ರಿಲ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ. ಗೂಗಲ್‌ನಲ್ಲಿ ಮೊದಲು ಕಂಡ ನಂಬರಿಗೆ ಹಣ ಹಾಕಬೇಡಿ. ಆ ಊರಿನಲ್ಲಿ ಪರಿಚಯದವರಿದ್ದರೆ ಅವರಿಂದ ವಿಚಾರಿಸಿ. ಪೂರ್ತಿ ಬಾಡಿಗೆಯನ್ನು ಮೊದಲೇ ಕೊಡಬೇಡಿ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ಬರುವ ಹೆಸರು ಹೋಂಸ್ಟೇಯದ್ದೋ ಅದರ ಮಾಲೀಕರದ್ದೋ ಆಗಿರದೆ ಇನ್ಯಾರದ್ದೋ ಆಗಿದ್ದರೆ ಅಲ್ಲಿಗೇ ನಿಲ್ಲಿಸಿ. ಊರು ಬಿಡುವ ಮುನ್ನ ಬೀಗ ಹಾಕಿದ ಮನೆಯ ವಿಷಯ ಠಾಣೆಗೆ ತಿಳಿಸಿ, ಫೋಟೊಗಳನ್ನು ಹಿಂದಿರುಗಿದ ಮೇಲೆ ಸ್ಟೇಟಸ್‌ಗೆ ಹಾಕಿ.

ಹಬ್ಬದ ಖರೀದಿ

ಸೀರೆಯಿಂದ ಶುರು ಮಾಡುತ್ತೇನೆ, ನಮ್ಮ ಮನೆಗಳಲ್ಲಿ ಹೆಚ್ಚು ಹಣ ಹೋಗುವುದು ಅದಕ್ಕೇ. ಹತ್ತಾರು ಸಾವಿರ ಬೆಲೆಬಾಳುವ ಮೈಸೂರು ರೇಷ್ಮೆ 999 ರೂಪಾಯಿಗೆ ಯಾರೂ ಕೊಡುವುದಿಲ್ಲ. ಇನ್‌ಸ್ಟಾಗ್ರಾಂ ಜಾಹೀರಾತು ಎಷ್ಟೇ ಅಂದವಾಗಿರಲಿ, ಕೊಡುವುದಿಲ್ಲ. ಮೈಸೂರು ರೇಷ್ಮೆ ಬೇಕಿದ್ದರೆ ಕರ್ನಾಟಕ ರೇಷ್ಮೆ ಕೈಗಾರಿಕೆಗಳ ನಿಗಮದ (ಕೆಎಸ್‌ಐಸಿ) ಮಳಿಗೆಗೋ ಅದರ ಸ್ವಂತ ತಾಣಕ್ಕೋ ಹೋಗಿ, ಸೀರೆಯ ಮೇಲಿನ ಹೊಲೊಗ್ರಾಂ ಮತ್ತು ಸಂಖ್ಯೆ ನೋಡಿ. ನನ್ನನ್ನು ಕೇಳಿದರೆ ಕೊಳ್ಳೇಗಾಲಕ್ಕೆ ಹೋಗಿ ಎನ್ನುತ್ತೇನೆ. ನಮ್ಮ ಜಿಲ್ಲೆಯವರೇ ಆದ ನೇಕಾರರು, ಕೈಯಲ್ಲಿ ಮುಟ್ಟಿ ನೋಡಬಹುದು, ಸಿಲ್ಕ್ ಮಾರ್ಕ್ ಚೀಟಿ ಕೇಳಿ ಪಡೆಯಬಹುದು. ಆನ್‌ಲೈನಿನಲ್ಲಿ ತರಿಸಿದ ಸೀರೆಯ ಮೇಲೆ ಅನುಮಾನವಿದ್ದರೆ ಸೆರಗಿನ ಕುಚ್ಚಿನಿಂದ ಒಂದೆಳೆ ಕಿತ್ತು ಸುಟ್ಟು ನೋಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಒಡವೆ ಕೊಳ್ಳುವಾಗ ಹಾಲ್‌ಮಾರ್ಕ್ ಜತೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇದೆಯೇ ನೋಡಿ. 2023ರ ಏಪ್ರಿಲ್ 1ರಿಂದ ಇದು ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಒಡವೆಯ ವಿವರ ಬರಬೇಕು.

ಪಟಾಕಿಯನ್ನು ಆನ್‌ಲೈನಿನಲ್ಲಿ ಕೊಳ್ಳಲೇಬೇಡಿ. ಆನ್‌ಲೈನ್ ಪಟಾಕಿ ಮಾರಾಟವನ್ನು ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್‌ನಲ್ಲೇ ನಿಷೇಧಿಸಿದೆ. ಆದರೂ ದೀಪಾವಳಿ ಹತ್ತಿರ ಬಂದಾಗ ಶಿವಕಾಶಿಯ ಹೆಸರು ಹೊತ್ತ ಬೆಲೆಪಟ್ಟಿಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತವೆ. ತಮಿಳುನಾಡಿನ ಗಡಿ ಪಕ್ಕದಲ್ಲೇ ಇರುವುದರಿಂದ ನಮಗೆ ಅವು ನಿಜವೆನಿಸುತ್ತವೆ. ಹಣ ಕಟ್ಟಿದ ಮೇಲೆ ಮಾರಿದವರ ನಂಬರ್ ಸ್ವಿಚ್ ಆಫ್. ಪರವಾನಗಿ ಇರುವ ಅಂಗಡಿಯಲ್ಲೇ ಹಸಿರು ಪಟಾಕಿ ಕೊಳ್ಳಿ.

ಆಫರ್ ಲಿಂಕ್ ಯಾರೇ ಕಳಿಸಲಿ, ಸ್ವಂತ ಭಾವಮೈದುನನೇ ಕಳಿಸಲಿ, ಒತ್ತಬೇಡಿ. ಫ್ಲಿಪ್‌ಕಾರ್ಟ್, ಅಮೆಜಾನ್, ಮೀಶೊ, ಯಾವುದೇ ಇರಲಿ, ಫೋನಿನಲ್ಲಿರುವ ಆ್ಯಪ್ ತೆರೆದು ಒಳಗೆ ಹುಡುಕಿ. ಆಫರ್ ನಿಜವಾಗಿದ್ದರೆ ಅಲ್ಲೂ ಇರುತ್ತದೆ. ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿರುವ ಯಾವ ಫೈಲನ್ನೂ ಇನ್‌ಸ್ಟಾಲ್ ಮಾಡಬೇಡಿ. ಮದುವೆ ಆಮಂತ್ರಣ, ಟ್ರಾಫಿಕ್ ದಂಡ, ಪಿಎಂ ಕಿಸಾನ್ ಎಂದೆಲ್ಲ ಹೆಸರಿಟ್ಟು ಕಳಿಸುತ್ತಾರೆ. ಒಮ್ಮೆ ಒಳಗೆ ಬಂದರೆ ಬ್ಯಾಂಕಿನ ಮೆಸೇಜುಗಳನ್ನು ಅದೇ ಓದಿಕೊಳ್ಳುತ್ತದೆ.

ಈಗ ಪಾರ್ಸಲ್ ಕರೆ. "ಸರ್, ನಿಮ್ಮ ವಿಳಾಸ ಸಿಗ್ತಿಲ್ಲ, ಡೆಲಿವರಿ ಬಾಯ್‌ಗೆ ಕನೆಕ್ಟ್ ಆಗೋಕೆ ಈ ನಂಬರ್ ಒತ್ತಿ" ಎಂದು ಸ್ಟಾರ್ 401 ಸ್ಟಾರ್‌ನಿಂದ ಶುರುವಾಗುವ ಸಂಖ್ಯೆ ಹೇಳುತ್ತಾರೆ. ಅದನ್ನು ಒತ್ತಿದರೆ ನಿಮಗೆ ಬರುವ ಕರೆಗಳೆಲ್ಲ ಅವರ ಫೋನಿಗೆ ತಿರುಗುತ್ತವೆ, ಕರೆಯಲ್ಲಿ ಬರುವ ಒಟಿಪಿಯೂ ಸೇರಿ. ಒತ್ತಿಬಿಟ್ಟಿದ್ದರೆ ತಕ್ಷಣ ##002# ಡಯಲ್ ಮಾಡಿ, ಫಾರ್ವರ್ಡಿಂಗ್ ರದ್ದಾಗುತ್ತದೆ. ಡೆಲಿವರಿ ಒಟಿಪಿಯನ್ನು ಪಾರ್ಸಲ್ ಕೈಗೆ ಬಂದ ಮೇಲೆ, ಬಾಗಿಲಲ್ಲೇ ಹೇಳಿ. ಆರ್ಡರ್ ಮಾಡದ ಕ್ಯಾಶ್ ಆನ್ ಡೆಲಿವರಿ ಪೊಟ್ಟಣಕ್ಕೆ ಹಣ ಕೊಡಬೇಡಿ. ಮನೆಯಲ್ಲಿ ಅಜ್ಜಿ ಒಬ್ಬರೇ ಇದ್ದರೆ ಅವರಿಗೂ ಇದನ್ನು ಹೇಳಿಟ್ಟಿರಿ. ದುಬಾರಿ ವಸ್ತುವಿನ ಪೆಟ್ಟಿಗೆಯನ್ನು ಸೀಲು, ವಿಳಾಸದ ಚೀಟಿ ಕಾಣುವಂತೆ ವಿಡಿಯೊ ಮಾಡುತ್ತಲೇ ತೆರೆಯಿರಿ. ಹಣ ವಾಪಸ್ ಬರಲು ಯುಪಿಐ ಪಿನ್ ಹಾಕಿ ಎಂದವರು ಕಳ್ಳರು. ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕೆ ಅಲ್ಲ.

ಹಣ ಹೋದರೆ

1930ಕ್ಕೆ ಕರೆ ಮಾಡಿ, ಆ ಕ್ಷಣವೇ. ಹೋದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡುತ್ತಿರುತ್ತದೆ. ಅದು ಇನ್ನೂ ಯಾವುದಾದರೂ ಖಾತೆಯಲ್ಲಿರುವಾಗಲೇ ಬ್ಯಾಂಕಿಗೆ ಹೇಳಿ ತಡೆಹಿಡಿಸುವುದು ಈ ಸಹಾಯವಾಣಿಯ ಕೆಲಸ. ಮೊತ್ತ, ಹೊತ್ತು, ಬ್ಯಾಂಕಿನ ಹೆಸರು, ವ್ಯವಹಾರದ 12 ಅಂಕಿಯ ಸಂಖ್ಯೆ ಕೈಯಲ್ಲಿಟ್ಟುಕೊಳ್ಳಿ. ಆಮೇಲೆ ಬ್ಯಾಂಕಿಗೆ ಬರೆದು ತಿಳಿಸಿ, ಚಾಮರಾಜನಗರದ ಸಿಇಎನ್ (ಸೈಬರ್ ಅಪರಾಧ) ಠಾಣೆಯಲ್ಲಿ ದೂರು ಕೊಡಿ. ರಿಸರ್ವ್ ಬ್ಯಾಂಕಿನ 2017ರ ನಿಯಮದಂತೆ, ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರ ಕೈವಾಡದಿಂದ ಹಣ ಹೋಗಿದ್ದರೆ, ಬ್ಯಾಂಕಿನಿಂದ ಸೂಚನೆ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟ ತಟ್ಟುವುದಿಲ್ಲ. ಒಟಿಪಿ ನೀವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ನಂತರದ್ದು ಬ್ಯಾಂಕಿನದು. ಹಾಗಾಗಿ ಆಗಲೂ ತಡ ಮಾಡಬೇಡಿ.

ಮಾಲು ಕೆಟ್ಟದ್ದು ಬಂದು ಮಾರಿದವರು ಕೈಕೊಟ್ಟರೆ ಅದು ಬೇರೆ ದಾರಿ. ಆನ್‌ಲೈನ್ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ನಿಮ್ಮ ದೂರು ತಲುಪಿತೆಂದು ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕೆಂದು 2020ರ ಇ-ಕಾಮರ್ಸ್ ನಿಯಮ ಹೇಳುತ್ತದೆ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಮನೆಯ ಹಿರಿಯರಿಗೆ ಒಂದು ಮಾತು ಉಳಿದಿದೆ. ಸೊಸೆಯೋ ಮಗನೋ ಹಣ ಕಳೆದುಕೊಂಡೆ ಎಂದು ಬಂದು ಹೇಳಿದರೆ ಬೈಯಬೇಡಿ. ಬೈಗುಳಕ್ಕೆ ಹೆದರಿ ಎರಡು ದಿನ ಮುಚ್ಚಿಟ್ಟಿದ್ದಕ್ಕೇ ಹಣ ಕೈತಪ್ಪಿದ ಮನೆಗಳು ನಮ್ಮ ತಾಲ್ಲೂಕಿನಲ್ಲಿವೆ. ಅವರ ಕೈಯಿಂದ ಫೋನ್ ತೆಗೆದುಕೊಂಡು ನೀವೇ 1930 ಒತ್ತಿ, ಲೈನು ಬ್ಯುಸಿ ಬಂದರೆ ಸಿಗುವವರೆಗೂ ಒತ್ತುತ್ತಿರಿ, ಅಷ್ಟರಲ್ಲಿ ಇನ್ನೊಬ್ಬರು ಬ್ಯಾಂಕಿಗೆ ಹೊರಡಲಿ.