ಮಗು “ನಾನು ಬೇರೆ” ಎಂದಾಗ ಹೆತ್ತವರ ಹೊಣೆ

ಮಕ್ಕಳು ಅಲ್ಲಾಹನು ನಮ್ಮ ಕೈಗೆ ಒಪ್ಪಿಸಿರುವ ಅಮಾನತ್ತು. ಯಾರಿಗೆ ಹೆಣ್ಣು ಮಗು, ಯಾರಿಗೆ ಗಂಡು ಮಗು ಎಂಬುದನ್ನು ತೀರ್ಮಾನಿಸುವವನು ಅವನೇ ಎಂದು ಪವಿತ್ರ ಕುರ್‌ಆನಿನ ಅಶ್ಶೂರಾ ಅಧ್ಯಾಯ ಕಲಿಸುತ್ತದೆ. ಮಗು ಹುಟ್ಟಿದಾಗ ಕಿವಿಯಲ್ಲಿ ಅದಾನ್ ಕೇಳಿಸಿ, ಒಳ್ಳೆಯ ಹೆಸರಿಟ್ಟು, ಅಕೀಕಾ ಕೊಟ್ಟು ನಾವು ಸಂತೋಷ ಪಡುತ್ತೇವೆ. ಆದರೆ ಅದೇ ಮಗು ಏಳೆಂಟು ವರ್ಷವಾದಾಗ “ಉಮ್ಮಾ, ನಾನು ಹುಡುಗನಲ್ಲ, ಹುಡುಗಿ” ಎಂದರೆ? ಅಥವಾ ಹೆಣ್ಣು ಮಗುವೊಂದು ತಾನು ಗಂಡೆಂದು ಅಳುತ್ತಾ ಹೇಳಿದರೆ? ಆಗ ಆ ಅಮಾನತ್ತನ್ನು ನಾವು ಹೇಗೆ ಕಾಪಾಡುತ್ತೇವೆ?

ಮಗ್ಗೆಯಂತಹ ಸಣ್ಣ ಊರಿನಲ್ಲಿ, ಕಾಫಿ ತೋಟಗಳ ನಡುವಿನ ಮನೆಗಳಲ್ಲಿ, ಇಂತಹ ಮಾತು ಗೋಡೆ ದಾಟಲು ಹೆಚ್ಚು ದಿನ ಬೇಕಿಲ್ಲ. ಅಂಗಡಿಯ ಮುಂದೆ, ಶಾಲೆಯ ಅಂಗಳದಲ್ಲಿ, ಕೊನೆಗೆ ಮದ್ರಸದಲ್ಲಿಯೂ ಅದು ಅಡ್ಡ ಹೆಸರಾಗುತ್ತದೆ. ತಂದೆ ತಲೆ ತಗ್ಗಿಸುತ್ತಾನೆ. ತಾಯಿ ತಾಯತ ಕಟ್ಟಿಸಲು ಓಡುತ್ತಾಳೆ. ಅಣ್ಣ ಕೈಯೆತ್ತುತ್ತಾನೆ. ಮಗುವಿನ ಬಳಿ ಕುಳಿತು ಅದರ ಮಾತು ಕೇಳುವವರು ಮಾತ್ರ ಸಿಗುವುದಿಲ್ಲ. ಆದ್ದರಿಂದ ಪ್ರಿಯ ಓದುಗರೇ, ಈ ವಿಷಯವನ್ನು ನಾಚಿಕೆಯ ಪರದೆ ಸರಿಸಿ, ದೀನಿನ ಬೆಳಕಿನಲ್ಲಿಯೂ ಇಂದಿನ ತಿಳಿವಳಿಕೆಯ ಬೆಳಕಿನಲ್ಲಿಯೂ ನೋಡೋಣ.

ಮೂರು ಸ್ಥಿತಿಗಳು, ಒಂದೇ ಅಲ್ಲ

ನಾವು ಸಾಮಾನ್ಯವಾಗಿ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಬುಟ್ಟಿಗೆ ಹಾಕುತ್ತೇವೆ.

ಮೊದಲನೆಯದು, ಬರೀ ಸ್ವಭಾವ ಮತ್ತು ಆಟ. ಗಂಡು ಮಗು ಅಕ್ಕನ ದುಪಟ್ಟಾ ಹೊದ್ದು ಅಡುಗೆಯಾಟ ಆಡುತ್ತದೆ. ಹೆಣ್ಣು ಮಗು ಮರ ಹತ್ತುತ್ತದೆ, ಕ್ರಿಕೆಟ್ ಆಡುತ್ತದೆ. ಸುಮಾರು ಮೂರು ವರ್ಷಕ್ಕೆ ಮಗು ತಾನು ಹುಡುಗನೋ ಹುಡುಗಿಯೋ ಎಂದು ಹೇಳಲು ಕಲಿಯುತ್ತದೆ. ಆದರೆ ಬಟ್ಟೆ ಬದಲಾದರೆ ಲಿಂಗ ಬದಲಾಗದು ಎಂಬುದು ಅದಕ್ಕೆ ಗಟ್ಟಿಯಾಗಿ ಮನವರಿಕೆಯಾಗುವುದು ಆರೇಳು ವರ್ಷದ ಹೊತ್ತಿಗೆ. ಅದಕ್ಕೂ ಮೊದಲಿನ ಮಾತನ್ನು ಹಿಡಿದು ಹೆದರಬೇಕಿಲ್ಲ.

ಎರಡನೆಯದು, ದೇಹದ ರಚನೆಯಲ್ಲಿಯೇ ಹೆಣ್ಣು ಗಂಡುಗಳ ಗುರುತು ಸ್ಪಷ್ಟವಿಲ್ಲದಿರುವುದು. ನಮ್ಮ ಫಿಕ್ಹ್ ಗ್ರಂಥಗಳು ಇಂಥವರನ್ನು ‘ಖುನ್ಸಾ’ ಎನ್ನುತ್ತವೆ. ವಾರಸುದಾರಿಕೆಯಲ್ಲಿ ಇವರ ಪಾಲೆಷ್ಟು, ನಮಾಝಿನ ಸಫ್ಫಿನಲ್ಲಿ ಇವರ ಜಾಗ ಯಾವುದು ಎಂದು ಇಮಾಮರು ಶತಮಾನಗಳ ಹಿಂದೆಯೇ ಚರ್ಚಿಸಿದ್ದಾರೆ. ಗಂಡಸರ ಮತ್ತು ಹುಡುಗರ ಸಾಲಿನ ಹಿಂದೆ, ಹೆಂಗಸರ ಸಾಲಿನ ಮುಂದೆ ಅವರಿಗೆ ಸ್ಥಾನ ಕೊಟ್ಟರು. ಇದನ್ನು ಗಮನಿಸಿ: ಮಸೀದಿಯ ಹೊರಗೆ ನಿಲ್ಲಿಸಲಿಲ್ಲ, ಜಮಾಅತಿನೊಳಗೆ ಜಾಗ ಹುಡುಕಿದರು. 1988ರಲ್ಲಿ ಈಜಿಪ್ಟಿನ ಮುಫ್ತಿ ಸಯ್ಯಿದ್ ತಂತಾವಿಯವರು ಕೊಟ್ಟ ಫತ್ವಾ ಕೂಡ, ದೇಹದಲ್ಲಿ ಅಡಗಿರುವ ಲಿಂಗವನ್ನು ಪ್ರಕಟಪಡಿಸಲು ವೈದ್ಯರು ಅಗತ್ಯವೆಂದರೆ ಶಸ್ತ್ರಚಿಕಿತ್ಸೆ ಸಮ್ಮತ, ಕೇವಲ ಬಯಕೆಗಾಗಿ ಅಲ್ಲ ಎಂದು ಭೇದ ಮಾಡಿತು.

ಮೂರನೆಯದು, ದೇಹ ಸ್ಪಷ್ಟವಾಗಿದ್ದರೂ ಮಗು ತನ್ನನ್ನು ಬೇರೆ ಲಿಂಗದವನೆಂದು ಕಾಣುವುದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ಹೊರತೆಗೆಯಿತು. ಪ್ರಾಯಕ್ಕೆ ಬಾರದ ಮಗುವಿನಲ್ಲಿ ಈ ಅನಿಸಿಕೆ ಸುಮಾರು ಎರಡು ವರ್ಷ ಬಿಡದೆ ಇದ್ದರೆ ಮಾತ್ರ ಹಾಗೆ ಗುರುತಿಸಬೇಕು, ಆಟ ಉಡುಪುಗಳ ಇಷ್ಟವೊಂದೇ ಆಧಾರವಾಗಬಾರದು ಎಂದೂ ಅದು ಹೇಳುತ್ತದೆ.

ಶರೀಅತ್ ಏನು ಹೇಳುತ್ತದೆ?

ಹೆಂಗಸರನ್ನು ಅನುಕರಿಸುವ ಗಂಡಸರನ್ನೂ ಗಂಡಸರನ್ನು ಅನುಕರಿಸುವ ಹೆಂಗಸರನ್ನೂ ಪ್ರವಾದಿ(ಸ)ರು ಶಪಿಸಿದ ಹದೀಸ್ ಸಹೀಹ್ ಬುಖಾರಿಯಲ್ಲಿದೆ. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಈ ಹದೀಸನ್ನು ಕೋಲಿನಂತೆ ಹಿಡಿದು ಎಂಟು ವರ್ಷದ ಮಗುವಿನ ಮೇಲೆ ಬೀಸುವವರು, ವಿದ್ವಾಂಸರು ಅದನ್ನು ಹೇಗೆ ಅರ್ಥ ಮಾಡಿಕೊಂಡರು ಎಂಬುದನ್ನೂ ಓದಬೇಕು.

ಹೆಣ್ಣಿನ ನಡೆನುಡಿಯ ಗಂಡಸರನ್ನು ಅರಬಿಯಲ್ಲಿ ‘ಮುಖನ್ನಸ್’ ಎನ್ನುತ್ತಾರೆ. ಸಹೀಹ್ ಮುಸ್ಲಿಮಿನ ವ್ಯಾಖ್ಯಾನದಲ್ಲಿ ಇಮಾಮ್ ನವವಿ(ರ)ಯವರು ಇವರಲ್ಲಿ ಎರಡು ಬಗೆಯವರನ್ನು ಹೇಳುತ್ತಾರೆ. ಒಬ್ಬನು ಹುಟ್ಟಿನಿಂದಲೇ ಹಾಗಿರುವವನು; ಅವನು ಬೇಕೆಂದು ಮಾಡಿಕೊಂಡದ್ದಲ್ಲ. ಅವನ ಮೇಲೆ ದೂಷಣೆಯಿಲ್ಲ, ಪಾಪವಿಲ್ಲ, ಶಿಕ್ಷೆಯಿಲ್ಲ. ಇನ್ನೊಬ್ಬನು ಬೇಕೆಂದೇ ವೇಷ ಕಟ್ಟುವವನು. ಶಾಪದ ಹದೀಸ್ ಇವನಿಗೆ ಅನ್ವಯ. ಮದೀನಾದಲ್ಲಿ ಅಂಥ ಒಬ್ಬ ವ್ಯಕ್ತಿ ಪ್ರವಾದಿ(ಸ)ರ ಮನೆಗೇ ಬಂದು ಹೋಗುತ್ತಿದ್ದನು. ಅವನು ಪರಸ್ತ್ರೀಯ ಮೈಮಾಟವನ್ನು ಗಂಡಸರಿಗೆ ಬಣ್ಣಿಸಿದಾಗ ಮಾತ್ರ ಅವನ ಪ್ರವೇಶವನ್ನು ತಡೆಯಲಾಯಿತು. ತಡೆದದ್ದು ಆ ಕೃತ್ಯಕ್ಕಾಗಿ, ಅವನ ಸ್ವಭಾವಕ್ಕಾಗಿ ಅಲ್ಲ. ಹುಟ್ಟಿನಿಂದ ಹಾಗಿರುವವನೂ ಅದನ್ನು ಬಿಡಲು ಮೆಲ್ಲಮೆಲ್ಲನೆ ಪ್ರಯತ್ನಿಸಬೇಕು ಎಂದು ಇಬ್ನು ಹಜರ್(ರ)ರು ಬರೆದಿದ್ದಾರೆ. ‘ಮೆಲ್ಲಮೆಲ್ಲನೆ’ ಎಂಬ ಮಾತಿನ ತೂಕವನ್ನು ಹೆತ್ತವರು ಅರಿಯಬೇಕು.

ಇದು ಪ್ರಾಯಕ್ಕೆ ಬಂದವರ ಮಾತಾಯಿತು. ಮಗುವಿನ ವಿಚಾರ ಇನ್ನೂ ಸ್ಪಷ್ಟ. ಪ್ರಾಯಕ್ಕೆ ಬರುವವರೆಗೆ ಮಗುವಿನ ಮೇಲಿಂದ ಲೇಖನಿ ಎತ್ತಲ್ಪಟ್ಟಿದೆ, ಅದರ ಪಾಪ ಬರೆಯಲ್ಪಡುವುದಿಲ್ಲ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಅಲ್ಲಾಹನ ಬಳಿ ಲೆಕ್ಕವೇ ಆರಂಭವಾಗದ ಮಗುವಿಗೆ ನಾವು ಶಿಕ್ಷೆ ವಿಧಿಸುವುದು ಯಾವ ನ್ಯಾಯ? ಆದರೆ ಹೊಡೆದ ಕೈಗೆ, ಗೇಲಿ ಮಾಡಿದ ನಾಲಿಗೆಗೆ ಲೆಕ್ಕವಿದೆ. ಪರಸ್ಪರ ಹಾಸ್ಯ ಮಾಡಬೇಡಿ, ಅಡ್ಡ ಹೆಸರಿನಿಂದ ಕರೆಯಬೇಡಿ ಎಂಬ ಅಲ್‌ಹುಜುರಾತ್ ಅಧ್ಯಾಯದ ಆಜ್ಞೆ ಈ ಮಗುವನ್ನೂ ಕಾಯುತ್ತದೆ.

ಹೆಸರು, ಉಡುಪು ಬದಲಿಸುವ ಪ್ರಶ್ನೆ

ಪಾಶ್ಚಾತ್ಯ ದೇಶಗಳಲ್ಲಿ ಇಂತಹ ಮಕ್ಕಳ ಹೆಸರು, ಉಡುಪು, ಕೂದಲು, ಕರೆಯುವ ರೀತಿಗಳನ್ನು ಮಗು ಹೇಳಿದಂತೆ ಬದಲಿಸುವ ಕ್ರಮ ಬೆಳೆದಿದೆ. ಇದಕ್ಕೆ ಸಾಮಾಜಿಕ ಪರಿವರ್ತನೆ ಎನ್ನುತ್ತಾರೆ. ಔಷಧವಿಲ್ಲ, ಶಸ್ತ್ರಚಿಕಿತ್ಸೆಯಿಲ್ಲ, ಬದಲಾಗುವುದು ಹೊರಗಿನ ಬದುಕು. ಇದರಿಂದ ಮಗುವಿಗೆ ಒಳಿತೋ ಕೆಡುಕೋ ಎಂಬಲ್ಲಿ ತಜ್ಞರೇ ಒಮ್ಮತಕ್ಕೆ ಬಂದಿಲ್ಲ. ಅಮೆರಿಕದಲ್ಲಿ ಕ್ರಿಸ್ಟಿನಾ ಓಲ್ಸನ್ ಮತ್ತು ಸಂಗಡಿಗರು ಹೀಗೆ ಬದಲಾದ 317 ಮಕ್ಕಳನ್ನು ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸರಾಸರಿ ಐದು ವರ್ಷಗಳ ಬಳಿಕವೂ ಶೇಕಡಾ 94 ಮಂದಿ ಅದೇ ಗುರುತಿನಲ್ಲಿದ್ದರು. ಅದಕ್ಕಿಂತ ಹಳೆಯ ಅಧ್ಯಯನಗಳಲ್ಲಿ, ಚಿಕಿತ್ಸಾಲಯಕ್ಕೆ ಬಂದ ಮಕ್ಕಳಲ್ಲಿ ಹೆಚ್ಚಿನವರ ಅನಿಸಿಕೆ ಪ್ರಾಯದ ಹೊತ್ತಿಗೆ ಉಳಿದಿರಲಿಲ್ಲ. ಎರಡೂ ಒಂದೇ ಬಗೆಯ ಮಕ್ಕಳ ಲೆಕ್ಕವಲ್ಲ. ಮೊದಲಿನವರು ಆಗಲೇ ಹೆಸರು ಉಡುಪು ಬದಲಿಸಿದ್ದವರು. ಎರಡನೆಯವರಲ್ಲಿ ಆಟ, ಸ್ವಭಾವಗಳಲ್ಲಿ ಮಾತ್ರ ಬೇರೆಯಾಗಿದ್ದವರೂ ಸೇರಿದ್ದರು. ಇಂಗ್ಲೆಂಡಿನಲ್ಲಿ ವೈದ್ಯೆ ಹಿಲರಿ ಕ್ಯಾಸ್ ಅವರು 2024ರ ಏಪ್ರಿಲ್‌ನಲ್ಲಿ ಕೊಟ್ಟ ವರದಿಯು, ಎಳೆಯ ಮಕ್ಕಳ ವಿಷಯದಲ್ಲಿ ಈ ಕ್ರಮದ ಒಳಿತು ಕೆಡುಕುಗಳಿಗೆ ಗಟ್ಟಿ ಪುರಾವೆಯಿಲ್ಲ, ಎಚ್ಚರದಿಂದಿರಿ, ಬೇಗನೆ ತಜ್ಞರನ್ನು ಕಾಣಿರಿ ಎಂದಿತು.

ಮುಸ್ಲಿಮ್ ತಂದೆತಾಯಿಗೆ ಇದರಲ್ಲಿ ಪಾಠವಿದೆ. ಇಂದಿನ ಅಳುವಿಗೆ ನಾಳೆಯೇ ಹೆಸರು ಬದಲಿಸುವುದೂ ಅವಸರ. ಇಂದಿನ ಮಾತಿಗೆ ಇಂದೇ ಬೆಲ್ಟು ಬಿಚ್ಚುವುದೂ ಅವಸರ. ಶರೀಅತ್ತಿನ ಮೇರೆ ನಮಗೆ ಗೊತ್ತಿದೆ. ಅದನ್ನು ಮಗುವಿಗೆ ಪ್ರೀತಿಯಿಂದ, ವರ್ಷಗಳ ತಾಳ್ಮೆಯಿಂದ ತಿಳಿಸಬೇಕು. ನಿರ್ಧಾರಕ್ಕೆ ಅವಸರ ಬೇಡ, ಕರುಣೆಗೆ ತಡ ಬೇಡ.

ಬಾಗಿಲು ಮುಚ್ಚಿದರೆ

ಮನೆ ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಉದಾಹರಣೆಯಿದೆ. ಬಳ್ಳಾರಿ ಸೀಮೆಯಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದ ಮಂಜಮ್ಮ ಜೋಗತಿಯವರು ಶಾಲೆಯ ದಿನಗಳಲ್ಲಿಯೇ ತಾನು ಹೆಣ್ಣೆಂದು ಭಾವಿಸಿದವರು. 1975ರಲ್ಲಿ ಮನೆಯವರು ಹೊಸಪೇಟೆ ಸಮೀಪದ ಹುಲಿಗಿಯಲ್ಲಿ ಅವರನ್ನು ಜೋಗತಿಯಾಗಿ ಬಿಟ್ಟರು. ಆ ಬಳಿಕ ಅವರು ವಿಷ ಕುಡಿದರು, ಬದುಕುಳಿದರು, ಬೀದಿಯಲ್ಲಿ ಭಿಕ್ಷೆ ಬೇಡಿದರು, ಬಲಾತ್ಕಾರಕ್ಕೊಳಗಾದರು. ಕೊನೆಗೆ ಜೋಗತಿ ನೃತ್ಯ ಅವರ ಕೈ ಹಿಡಿಯಿತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ನಮ್ಮ ನಂಬಿಕೆ ಬೇರೆ, ಆ ಸಂಪ್ರದಾಯ ಬೇರೆ. ಆದರೆ ವಿಷದ ಬಟ್ಟಲು ಹಿಡಿದ ಎಳೆಯ ಕೈ ಯಾವ ಸಮುದಾಯದ್ದಾದರೂ ಒಂದೇ. ಪದ್ಮಶ್ರೀಯವರೆಗೆ ತಲುಪಿದವರು ಒಬ್ಬರು. ಬೀದಿಯಲ್ಲೇ ಉಳಿದವರ ಹೆಸರು ನಮಗೆ ತಿಳಿಯುವುದೇ ಇಲ್ಲ.

ಹೆತ್ತವರು ಮಾಡಬೇಕಾದ್ದು

ಒಂದು, ಕೇಳಿರಿ. ಮಗು ಹೇಳಿದ್ದನ್ನು ಒಪ್ಪಲೇಬೇಕೆಂದಿಲ್ಲ, ಆದರೆ ಪೂರ್ತಿ ಕೇಳಬೇಕು. ಹತ್ತು ವರ್ಷ ಪ್ರವಾದಿ(ಸ)ರ ಸೇವೆಯಲ್ಲಿದ್ದ ಬಾಲಕ ಅನಸ್(ರ)ರಿಗೆ ಅವರು ಒಮ್ಮೆಯೂ ‘ಛೆ’ ಎನ್ನಲಿಲ್ಲ.

ಎರಡು, ವೈದ್ಯರಿಗೆ ತೋರಿಸಿರಿ. ದೇಹದಲ್ಲಿ ವ್ಯತ್ಯಾಸವಿದೆಯೇ ಎಂದು ಮಕ್ಕಳ ವೈದ್ಯರು ಪರೀಕ್ಷಿಸಲಿ. ಮನಸ್ಸಿನ ದುಗುಡಕ್ಕೆ ಹಾಸನದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೋ ಬೆಂಗಳೂರಿನ ನಿಮ್ಹಾನ್ಸೋ ಇದೆ. ಫೋನಿನಲ್ಲಿಯೇ ಸಲಹೆ ಬೇಕಾದರೆ ಸರಕಾರದ ಟೆಲಿ ಮಾನಸ್ ಸಂಖ್ಯೆ 14416. ‘ಸರಿ ಮಾಡುತ್ತೇವೆ’ ಎಂದು ಬಲಾತ್ಕಾರದ ಚಿಕಿತ್ಸೆಗೆ ಕರೆಯುವವರಿಂದ ದೂರವಿರಿ. ಅದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ. ಜಿನ್ನ್ ಬಿಡಿಸುತ್ತೇವೆಂದು ಮಗುವನ್ನು ಉಪವಾಸ ಕೆಡವಿ ಹೊಡೆಯುವುದು ದೀನ್ ಅಲ್ಲ, ಝುಲ್ಮ್.

ಮೂರು, ಶಾಲೆಯಲ್ಲಿಯೂ ಮದ್ರಸದಲ್ಲಿಯೂ ಗೇಲಿಯನ್ನು ತಡೆಯಿರಿ. ಉಸ್ತಾದರು ತಾವೇ ನಕ್ಕುಬಿಟ್ಟರೆ ಮಕ್ಕಳನ್ನು ತಡೆಯುವವರು ಯಾರು? ಗೇಲಿಗೆ ಹೆದರಿ ಮದ್ರಸ ಬಿಟ್ಟ ಮಗು ಕಳೆದುಕೊಳ್ಳುವುದು ಗೆಳೆಯರನ್ನಷ್ಟೇ ಅಲ್ಲ, ಕುರ್‌ಆನನ್ನು ಕೂಡ.

ನಾಲ್ಕು, ಯಾವ ಸ್ಥಿತಿಯಲ್ಲಿಯೂ ಮಗುವನ್ನು ಮನೆಯಿಂದ ಹೊರ ಹಾಕಬೇಡಿರಿ. ತಾನು ಬೇರೆ ಎಂಬ ಕಾರಣಕ್ಕೆ ಮಗುವನ್ನು ನ್ಯಾಯಾಲಯದ ಆದೇಶವಿಲ್ಲದೆ ಹೆತ್ತವರಿಂದ ಬೇರ್ಪಡಿಸಬಾರದೆಂದು 2019ರ ಕೇಂದ್ರ ಕಾಯ್ದೆ ಹೇಳಿತು. ಆದರೆ ನಮಗೆ ಅದಕ್ಕಿಂತ ಹಳೆಯ ಕಾಯ್ದೆಯೊಂದಿದೆ: ಪ್ರತಿಯೊಬ್ಬರೂ ಕುರಿಗಾಹಿಗಳು, ತನ್ನ ಮಂದೆಯ ಬಗ್ಗೆ ಪ್ರತಿಯೊಬ್ಬನೂ ವಿಚಾರಿಸಲ್ಪಡುವನು ಎಂಬ ಪ್ರವಾದಿ ಬೋಧನೆ. ಉಳಿದ ಕುರಿಗಳಂತಿಲ್ಲ ಎಂದು ಒಂದನ್ನು ಕಾಡಿಗೆ ಅಟ್ಟಿದ ಕುರಿಗಾಹಿ ನಾಳೆ ಏನು ಉತ್ತರ ಕೊಟ್ಟಾನು?

ಈ ಮಗು ನಮ್ಮ ಶಿಕ್ಷೆಯಲ್ಲ, ಪರೀಕ್ಷೆ. ಪರೀಕ್ಷೆಗೆ ಕುಳಿತಿರುವವನು ಮಗುವಲ್ಲ, ನಾವು. ನಮ್ಮ ಮಕ್ಕಳನ್ನು ನಮ್ಮ ಕಣ್ಣಿಗೆ ತಂಪಾಗಿಸಿ, ಅವರ ಪಾಲಿಗೆ ನಮ್ಮನ್ನು ಕರುಣೆಯ ನೆರಳಾಗಿಸಲು ಅಲ್ಲಾಹನು ನಮಗೆ ತೌಫೀಕ್ ನೀಡಲಿ. ಆಮೀನ್.