ಕೈಗೆಟಕುವ ಬೇಟೆ, ಕಾಣುವವನ ಭಯ

ಪವಿತ್ರ ಕುರ್‌ಆನಿನ ಅಲ್‌ಮಾಇದಃ ಅಧ್ಯಾಯದ 94ನೇ ಸೂಕ್ತವು ಒಂದು ವಿಶಿಷ್ಟ ಪರೀಕ್ಷೆಯ ಬಗ್ಗೆ ತಿಳಿಸುತ್ತದೆ. ಹುದೈಬಿಯಾ ಯಾತ್ರೆಯಲ್ಲಿ ಸಹಾಬಿಗಳು ಇಹ್ರಾಮ್‌ನಲ್ಲಿದ್ದಾಗ ಬೇಟೆಯ ಪ್ರಾಣಿಗಳು ಅವರ ಬಳಿಗೇ ಬರುತ್ತಿದ್ದುವೆಂದು ವ್ಯಾಖ್ಯಾನಕಾರರು ಬರೆದಿದ್ದಾರೆ. ಕೈ ಚಾಚಿದರೆ ಸಿಗುವಂತಿದ್ದರೂ ಮುಟ್ಟುವಂತಿರಲಿಲ್ಲ. ಕಣ್ಣಿಗೆ ಕಾಣದ ಅಲ್ಲಾಹನನ್ನು ಯಾರು ಭಯಪಡುತ್ತಾರೆಂಬುದೇ ಆ ಪರೀಕ್ಷೆಯಾಗಿತ್ತು.

ಇಹ್ರಾಮ್ ಕಳಚಿದ ಮಾತ್ರಕ್ಕೆ ಈ ಪರೀಕ್ಷೆ ಮುಗಿಯುವುದಿಲ್ಲ. ಅಮೇರಿಕದ ವಯೋಮಿಂಗ್ ರಾಜ್ಯದಲ್ಲಿ ಒಬ್ಬ ಮುಸ್ಲಿಮ್ ಯುವಕನು ಮೊದಲ ಬಾರಿಗೆ ಪ್ರಾಂಗ್‌ಹಾರ್ನ್ ಬೇಟೆಗೆ ಹೊರಡುತ್ತಾನೆಂದು ಭಾವಿಸಿರಿ. ಇದು ಜಿಂಕೆಯನ್ನು ಹೋಲುವ, ಆದರೆ ಬೇರೆಯೇ ಕುಟುಂಬದ ಬಯಲು ಪ್ರಾಣಿ. ಗಂಟೆಗೆ 80 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡಬಲ್ಲದು. ಬೇಲಿ ಅಡ್ಡ ಬಂದರೆ ಸಾಮಾನ್ಯವಾಗಿ ಹಾರದೆ ಕೆಳಗಿನಿಂದ ನುಸುಳುತ್ತದೆ. ಅದಕ್ಕೆ ಗಡಿಯಿಲ್ಲ, ಬೇಟೆಗಾರನಿಗಿದೆ.

ಅಲ್ಲಿನ ಗಡಿಗಳೂ ಸರಳವಲ್ಲ. 1862ರ ರೈಲ್ವೆ ಕಾನೂನಿನಂತೆ ಹಳಿಯ ಇಕ್ಕೆಲಗಳಲ್ಲಿ ಚದರ ಮೈಲಿನ ಚೌಕಗಳನ್ನು ಒಂದು ಬಿಟ್ಟು ಒಂದರಂತೆ ರೈಲ್ವೆ ಕಂಪೆನಿಗೆ ಕೊಡಲಾಯಿತು. ಹೀಗಾಗಿ ದಕ್ಷಿಣ ವಯೋಮಿಂಗ್‌ನ ಬಹಳಷ್ಟು ನೆಲ ಚದುರಂಗದ ಹಾಸಿನಂತಿದೆ: ಒಂದು ಚೌಕ ಸರಕಾರಿ, ಪಕ್ಕದ್ದು ಖಾಸಗಿ. ಎಷ್ಟೋ ಕಡೆ ಬೇಲಿಯೂ ಇಲ್ಲ, ನೋಡುವವರೂ ಇಲ್ಲ. ಆದ್ದರಿಂದ ಆ ಯುವಕನು ಕೆಲವು ವಿಷಯಗಳನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು.

1. ಮೊದಲು ನೆಲ, ಬಳಿಕ ಪರವಾನಿಗೆ: ಪರವಾನಿಗೆಯು ನಿಗದಿತ ಬೇಟೆ ವಲಯಕ್ಕೆ, ಸಾಮಾನ್ಯವಾಗಿ ಚೀಟಿ ಎತ್ತುವ ಮೂಲಕ ಸಿಗುತ್ತದೆ. ಅದು ಯಾರದೇ ಹೊಲಕ್ಕೆ ಪ್ರವೇಶಿಸುವ ಹಕ್ಕಲ್ಲ. ವಲಯದಲ್ಲಿ ಸರಕಾರಿ ಭೂಮಿ ಎಷ್ಟು, ರಾಜ್ಯದ ವನ್ಯಜೀವಿ ಇಲಾಖೆಯು ಮಾಲಕರೊಂದಿಗೆ ಒಪ್ಪಂದ ಮಾಡಿ ತೆರೆದಿಟ್ಟ ಸ್ಥಳಗಳೆಷ್ಟು ಎಂಬುದನ್ನು ಅರ್ಜಿಗೆ ಮುನ್ನವೇ ನಕ್ಷೆಯಲ್ಲಿ ನೋಡಬೇಕು. ಉಳಿದುದಕ್ಕೆ ಮಾಲಕನ ಅನುಮತಿ ಕೇಳಬೇಕು. ಅವನು ಇಲ್ಲವೆಂದರೆ ಮನಸ್ತಾಪವಿಲ್ಲದೆ ಮರಳಬೇಕು. ಪರರ ಮನೆಯ ಬಗ್ಗೆ ಅನ್ನೂರ್ ಅಧ್ಯಾಯವು ಕಲಿಸುವ ಶಿಷ್ಟಾಚಾರವೂ ಇದೇ.

2. ಗುಂಡಿಗೆ ಮುನ್ನ ಬಿಸ್ಮಿ: ಹ. ಅದಿಯ್ಯ್ ಬಿನ್ ಹಾತಿಮ್‌ರಿಗೆ(ರ) ಪ್ರವಾದಿವರ್ಯರು(ಸ) ಕಲಿಸಿದಂತೆ, ಅಲ್ಲಾಹನ ಹೆಸರು ಹೇಳಿ ಬಿಟ್ಟ ಬಾಣವು ಚುಚ್ಚಿ ಕೊಂದರೆ ಅದನ್ನು ತಿನ್ನಬಹುದು. ಅಡ್ಡಲಾಗಿ ಬಡಿದು ಕೊಂದರೆ ತಿನ್ನಬಾರದು. ಗುಂಡಿನಿಂದಲೇ ಸತ್ತ ಪ್ರಾಣಿಯ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅನೇಕ ಹನಫೀ ವಿದ್ವಾಂಸರು, ಅದು ಜೀವಂತ ಸಿಕ್ಕಿ ಝಬಹ್ ಮಾಡಿದರೆ ಮಾತ್ರ ಹಲಾಲ್ ಎನ್ನುತ್ತಾರೆ. ತನ್ನ ವಿದ್ವಾಂಸರಲ್ಲಿ ಮೊದಲೇ ಕೇಳಿಕೊಳ್ಳಬೇಕು. ಹರಿತವಾದ ಚೂರಿ ಜೊತೆಗಿರಬೇಕು.

3. ಗಾಯಗೊಂಡ ಪ್ರಾಣಿ ಗಡಿ ದಾಟಿದರೆ: ನಿಜವಾದ ಪರೀಕ್ಷೆ ಇಲ್ಲಿಯೇ. ಬಿಟ್ಟುಬಿಟ್ಟರೆ ಪ್ರಾಣಿಗೆ ಹಿಂಸೆ, ಮಾಂಸವೂ ವ್ಯರ್ಥ. ಕೇಳದೆ ನುಗ್ಗಿದರೆ ಪರರ ಹಕ್ಕಿನ ಉಲ್ಲಂಘನೆ. ಆದ್ದರಿಂದ ಅಕ್ಕಪಕ್ಕದ ಮಾಲಕರ ದೂರವಾಣಿ ಸಂಖ್ಯೆ ಮೊದಲೇ ಬಳಿಯಿರಬೇಕು. ಗಡಿಯ ಸಮೀಪ, ಗುರಿ ಖಚಿತವಿಲ್ಲದ ದೂರದಲ್ಲಿ ಗುಂಡು ಹಾರಿಸಲೇಬಾರದು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಜಿಂಕೆ, ಕೃಷ್ಣಮೃಗಗಳ ಬೇಟೆ ಅಪರಾಧ. ಆದರೂ ಈ ಪಾಠ ನಮಗೂ ಇದೆ. ಪಕ್ಕದ ಗದ್ದೆಯ ಬದು, ತೂಕದ ತಕ್ಕಡಿ, ಅಂಗಡಿಯ ಲೆಕ್ಕ – ಇವೆಲ್ಲ ಯಾರೂ ನೋಡದ ಗಡಿಗಳೇ. ಅನ್ಯಾಯವಾಗಿ ಗೇಣು ನೆಲ ಕಬಳಿಸಿದವನಿಗೆ ಪ್ರವಾದಿವರ್ಯರು(ಸ) ನೀಡಿದ ಎಚ್ಚರಿಕೆ ನೆನಪಿರಲಿ. ಗಡಿಯ ಬಳಿ ನಿಂತು ಬರಿಗೈಯಲ್ಲಿ ಮರಳಿದವನು ಸೋತವನಲ್ಲ; ತನ್ನನ್ನು ಕಾಣುವವನೊಬ್ಬನಿದ್ದಾನೆಂದು ಅವನು ತಿಳಿದಿದ್ದಾನೆ. ಅಲ್ಲಾಹನು ನಮ್ಮನ್ನು ಅಂಥವರಲ್ಲಿ ಸೇರಿಸಲಿ, ಆಮೀನ್.